ಕಲ್ಲಿಲ್ಲದ ಕೋವಿ

ನವೆಂಬರ್ 29, ಶನಿವಾರ

ಕಳೆದ ಜನವರಿಯಲ್ಲಿ ನನ್ನ ಗುರಿ ತಪ್ಪಿರಲಿಲ್ಲ. ತಪ್ಪಿತು ಎಂದು ಸುಳ್ಳು ಹೇಳಿದೆ.

ಹತ್ತು ತಿಂಗಳಾಯಿತು, ಯಾರಿಗೂ ಹೇಳಿಲ್ಲ. ಶಾಲೆ ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ "ಒಂದು ಕಡೆ ಕೂರೋಕಾಗಲ್ಲ, ಅದಕ್ಕೆ" ಎಂದು ಇದ್ದದ್ದನ್ನೇ ಹೇಳಿದವಳು ನಾನು. ಪಾದ್ರಿಯ ಹೆಂಡತಿ ತನ್ನ ಹೊಸ ಪರದೆ ಹೇಗಿದೆ ಎಂದಾಗ "ಆಸ್ಪತ್ರೆ ಥರ ಇದೆ" ಎಂದವಳೂ ನಾನೇ. ಹಾಗಾಗಿ ನನ್ನ ಬಾಯಿಂದ ಸುಳ್ಳು ಬಂದಾಗ ಒಬ್ಬರೂ ತಿರುಗಿ ನೋಡಲಿಲ್ಲ.

ಅದು ಚಕಮಕಿ ಬೇಟೆಯ, ಅಂದರೆ ಕಲ್ಲಿನ ಕಿಡಿಯಿಂದ ಮದ್ದು ಹತ್ತಿಸುವ ಹಳೇ ಕಾಲದ ಕೋವಿಯ ಬೇಟೆಯ, ಕೊನೆಯ ದಿನ. ಬೆಟ್ಟದ ಮೇಲಿನ ನಮ್ಮ ಬೇಟೆ ಬಿಡಾರದ ಎರವಲು ಕೋವಿ ನನ್ನ ಕೈಯಲ್ಲಿತ್ತು. ಹೆಮ್ಲಾಕ್ ಮರಗಳ ಇಳಿಜಾರಿನಲ್ಲಿ ಒಂದು ಹೆಣ್ಣು ಜಿಂಕೆ ನಿಂತಿತ್ತು. ತೊಂಬತ್ತು ಹೆಜ್ಜೆಯಾದರೂ ಇತ್ತು. ದೂರ ಎಂದು ಗೊತ್ತಿತ್ತು, ಆದರೂ ಟ್ರಿಗರ್ ಎಳೆದೆ. ಹೊಗೆ ತಿಳಿಯಾಗುವಷ್ಟರಲ್ಲಿ ಜಿಂಕೆ ಇರಲಿಲ್ಲ. ಅದು ನಿಂತಿದ್ದ ಜಾಗಕ್ಕೆ ಹೋದೆ. ಹಿಮದ ಮೇಲೆ ಕೂದಲು, ನಾಲ್ಕು ಹನಿ ರಕ್ತ, ಮುಂದೆ ಬಂಡೆಯ ಮೇಲೆ ಅಂಗೈಯಗಲ ರಕ್ತ. ಕತ್ತಲಾಗುತ್ತಿತ್ತು, ಹಿಮ ಬೀಳುತ್ತಿತ್ತು. ಸ್ವಲ್ಪ ದೂರ ಹೋಗಿ ವಾಪಸ್ ಬಂದುಬಿಟ್ಟೆ.

ಬಿಡಾರದಲ್ಲಿ "ತಪ್ಪಿತು" ಎಂದೆ. ಎಲ್ಲರೂ ಹೋ ಎಂದು ಕೂಗಿ ನನ್ನ ಅಂಗಿಯ ಹಿಂಬದಿ ಕತ್ತರಿಸಿದರು. ಗುರಿ ತಪ್ಪಿದವರ ಅಂಗಿಯ ಬಾಲ ಒಲೆಯ ಮೇಲಿನ ಗೋಡೆಗೆ ಹೋಗುತ್ತದೆ, ಹೆಸರು, ತಾರೀಕು ಬರೆಸಿಕೊಂಡು. ನನ್ನ ನೀಲಿ ಚೌಕಳಿಯ ತುಂಡೂ ಅಲ್ಲಿಗೆ ಹೋಯಿತು. ನಾನೂ ನಕ್ಕೆ. ಎರಡು ತುಂಡು ಪೈ ತಿಂದೆ.

ನಿಜ ಹೇಳಿದ್ದರೆ ಅಂಗಿಯ ಬಾಲದಲ್ಲಿ ಮುಗಿಯುತ್ತಿರಲಿಲ್ಲ. ಗಾಯವಾದ ಪ್ರಾಣಿಯನ್ನು ಬಿಟ್ಟು ಬಂದವರು ತಮ್ಮ ಕೋವಿಯ ಕಲ್ಲನ್ನು ಎಲ್ಲರೆದುರು ಕಾಫಿ ಡಬ್ಬಿಗೆ ಹಾಕಬೇಕು. ಒಂದು ವರ್ಷ ಬೇಟೆ ಇಲ್ಲ. ಡಬ್ಬಿಯಲ್ಲಿ ಈಗ ಒಂದೇ ಕಲ್ಲಿದೆ, ಹಾರ್ಲನ್ ಮಾವನದು. ಹದಿನಾಲ್ಕು ವರ್ಷದಿಂದ ಅಲ್ಲೇ ಇದೆ. ಕಲ್ಲು ಕೊಡುವುದಿಲ್ಲ ಎಂದು ಮಾವ ಜಗಳಕ್ಕೆ ನಿಂತಾಗ ಅಜ್ಜನೇ ಮಗನ ಕೋವಿಯಿಂದ ಅದನ್ನು ಬಿಚ್ಚಿ ಹಾಕಿದ್ದಂತೆ. ಮಾವ ಮಾರನೆಯ ದಿನ ಒಹಾಯೋಗೆ ಹೋದವನು ಬಿಡಾರಕ್ಕೆ ಮತ್ತೆ ಕಾಲಿಟ್ಟಿಲ್ಲ.

ಇದನ್ನೆಲ್ಲ ಇವತ್ತು ಬರೆಯಲು ಕಾರಣ ಅಜ್ಜ. ತಿಂಡಿ ತಿನ್ನುವಾಗ, ತಟ್ಟೆಯಿಂದ ತಲೆಯೆತ್ತದೆ, "ಎರಡು ವರ್ಷ ಎರವಲು ಆಯ್ತು. ಈ ಸಲ ನಿನ್ನ ಕೋವಿ ನೀನೇ ಆರಿಸ್ಕೋ ಆಡ್ರಾ. ಕ್ರಿಸ್ಮಸ್ ಒಳಗೆ" ಎಂದರು.

"ನೀವೇ ಹೇಳಿ, ಯಾವುದು ತಗೊಳ್ಲಿ?"

"ಹೆಗಲು ನಂದಾ, ನಿಂದಾ?"

ಅಷ್ಟೇ ಮಾತು.

ನವೆಂಬರ್ 30, ಭಾನುವಾರ

ಗೇಲನ್ ಬಂದಿದ್ದ. ಹಾರ್ಲನ್ ಮಾವನ ಮಗ. ಮಾವ ಹೋದ ಮೇಲೂ ಅವನು ಇಲ್ಲೇ ಉಳಿದ. ಹಾಲಿನ ಟ್ಯಾಂಕರ್ ಓಡಿಸುತ್ತಾನೆ, ಬೇಟೆಗೆ ಅಜ್ಜನ ಜೊತೆ ಹೋಗುತ್ತಾನೆ, ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಜನವರಿಯಿಂದ ಬಿಟ್ಟಿದ್ದಾನೆ.

"ಏನೇ ಮೋಟಂಗಿ, ಕೋವಿ ತಗೋತೀಯಂತೆ? ಜೊತೆಗೆ ಒಂದು ಡಜನ್ ಅಂಗೀನೂ ತಗೊಂಡ್ಬಿಡು."

"ನಿಂದು ಮೂರು ಬಾಲ ಇದೆ ಗೋಡೆ ಮೇಲೆ. ನಂದು ಒಂದು."

"ನಾನು ಹತ್ತು ವರ್ಷದಿಂದ ಹೋಗ್ತಿದೀನಿ ಮಾರಾಯ್ತಿ."

ಪೇಟೆಯ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಕಪ್ಪು ಪ್ಲಾಸ್ಟಿಕ್ ಹಿಡಿಯ ಚಕಮಕಿ ಕೋವಿ ಇತ್ತು. ಹಸಿರು ಹೊಳೆಯುವ ಗುರಿಚುಕ್ಕೆ, ಉದ್ದನೆಯ ಗುಂಡು. ನೂರಿಪ್ಪತ್ತು ಹೆಜ್ಜೆಗೂ ಸಲೀಸು ಎಂದ ಅಂಗಡಿಯವನು. ಮಳೆಗೂ ಜಗ್ಗುವುದಿಲ್ಲವಂತೆ.

ನನಗೆ ಅದೇ ಬೇಕು ಅನಿಸಿತು. ದೂರ ಹೊಡೆಯಬೇಕು, ಹೊಡೆದಲ್ಲೇ ಬೀಳಬೇಕು. ರಕ್ತದ ಜಾಡು ಹಿಡಿದು ಹಿಂದೆ ಹೋಗುವ ಕೆಲಸವೇ ಇರಬಾರದು. ನೋಡಿ ಹೋಗಲಿ ಎಂದು ಅಂಗಡಿಯವನು ಹಿಂದಿನ ಬಯಲಿನಲ್ಲಿ ಒಂದು ಗುಂಡು ಹಾರಿಸಲು ಬಿಟ್ಟ. ಹಲಗೆಗೇ ಬೀಳಲಿಲ್ಲ. ಚುಕ್ಕೆ ಸರಿಯಾಗಿ ಕೂತಿಲ್ಲ ಎಂದು ವಾಪಸ್ ಕೊಟ್ಟೆ.

ಡಿಸೆಂಬರ್ 3, ಬುಧವಾರ

ಸಾಮಿಲ್ಲಿನಲ್ಲಿ ಇಡೀ ದಿನ ಓಕ್ ಹಲಗೆ ಪೇರಿಸಿದ್ದು. ಬೆರಳಿಗೆ ಸಿಬಿರು.

ಹಾರ್ಲನ್ ಮಾವನ ಮೆಸೇಜು ಬಂದಿದೆ. ಅವನ ಗೋದಾಮಿನಲ್ಲಿ ಒಬ್ಬರು ಬೇಕಂತೆ. "ಶಾಲೆ ಸರ್ಟಿಫಿಕೇಟ್ ಯಾರೂ ಕೇಳಲ್ಲ. ಕೋಣೆ ಇದೆ. ಬಂದ್ಬಿಡು." ಕ್ರಿಸ್ಮಸ್ ಮಾರನೆಯ ದಿನ ಬೆಳಿಗ್ಗೆ ಲೂಯಿಸ್‌ಟೌನ್‌ನಿಂದ ಬಸ್ಸಿದೆ. ಚಕಮಕಿ ಬೇಟೆ ಶುರುವಾಗುವುದೂ ಅವತ್ತೇ. ಬಸ್ಸಿನ ದುಡ್ಡು ಬೇರೆ ಲಕೋಟೆಯಲ್ಲಿ ಇಟ್ಟಿದ್ದೇನೆ.

ಹೋಗಿಬಿಟ್ಟರೆ ಯಾವ ಕೋವಿಯನ್ನೂ ಆರಿಸಬೇಕಾಗಿಲ್ಲ.

ಡಿಸೆಂಬರ್ 6, ಶನಿವಾರ

ಟೈಟಸ್ ಹ್ಯಾಕನ್‌ಬರ್ಗ್ ಅಂಗಡಿಗೆ ಹೋದೆ. ಅಂಗಡಿ ಎಂದರೆ ಅವನ ಹಳೆಯ ಕೋಳಿಮನೆ. ಈ ಕಣಿವೆಯ ಅರ್ಧ ಚಕಮಕಿ ಕೋವಿಗಳು ಆ ಕೋಳಿಮನೆಯಲ್ಲೇ ಹುಟ್ಟಿದ್ದು. ಅಜ್ಜನದೂ.

"ಲಮಾರ್ ಮೊಮ್ಮಗಳಾ? ಬಾರಮ್ಮ. ಬಲಗೈಯಾ ಎಡಗೈಯಾ?"

"ಬಲ."

"ಗುರಿಗೆ ಯಾವ ಕಣ್ಣು?"

"ಎರಡೂ ಇದಾವೆ."

"ಒಳ್ಳೇದಾಯ್ತು, ನಂಗೆ ಒಂದೇ ಸಾಲ್ದು."

ಗೋಡೆಯಿಂದ ಒಂದು ಉದ್ದನೆಯ ಕೋವಿ ಇಳಿಸಿದ. ಮೇಪಲ್ ಮರದ ಮೈಮೇಲೆ ಹುಲಿಪಟ್ಟೆಯಂತಹ ಗೆರೆಗಳು, ಹಿತ್ತಾಳೆ ಕೆತ್ತನೆ. ನೋಡುತ್ತಾ ನಿಂತುಬಿಟ್ಟೆ. ನಲವತ್ತೈದರ ನಳಿಗೆ, ಅಂದರೆ ಚಿಕ್ಕ ಗುಂಡು. ಟೈಟಸ್ ಅದನ್ನು ನನ್ನ ಕೈಗೆ ಕೊಟ್ಟು ಗುರಿಯಿಟ್ಟು ನಿಲ್ಲಲು ಹೇಳಿ, ತಾನು ಹೋಗಿ ಕಾಫಿ ಹಾಕಿಕೊಂಡು ನಿಧಾನವಾಗಿ ಬಂದ. ಅಷ್ಟರಲ್ಲಿ ನಳಿಗೆಯ ತುದಿ ಗಾಳಿಗೆ ಸಿಕ್ಕ ಕೊಂಬೆಯಂತೆ ಆಡುತ್ತಿತ್ತು.

"ಚೆಂದದ ಕೋವಿ ಗೋಡೆಗೆ ತಗೋ. ಕಾಡಿಗೆ, ತೋಳು ಸೋತಾಗ್ಲೂ ನಿಲ್ಲೋದು ತಗೋ."

ಆದರೂ ಹಟ ಹಿಡಿದು ಹಾರಿಸಿದೆ. ಮೂರರಲ್ಲಿ ಒಂದು ಹಲಗೆಯ ಅಂಚಿಗೆ ಬಿತ್ತು. ಕಲ್ಲು ಕಚ್ಚಿದ ಕುದುರೆ ಬಡಿದು, ನಳಿಗೆಯ ಪಕ್ಕದ ಬಟ್ಟಲಿನ ಮದ್ದು ಭಗ್ ಎಂದ ಮೇಲೆ ಒಳಗಿನ ಮದ್ದು ಹತ್ತಿಕೊಳ್ಳಲು ತಡವಾಗುತ್ತದೆ ಎಂದೆ. ಟೈಟಸ್, ಬಟ್ಟಲಿನ ಬೆಂಕಿ ಒಳಗೆ ಹೋಗುವ, ಕಿವಿ ಎನ್ನುವ ಚಿಕ್ಕ ತೂತಿಗೆ ತಂತಿ ಹಾಕಿ ತೆಗೆದು ಬೆಳಕಿಗೆ ಹಿಡಿದು ನೋಡಿದ. ತೂತು ಚೊಕ್ಕಟವಾಗಿತ್ತು.

ಡಿಸೆಂಬರ್ 7, ಭಾನುವಾರ

ಮನೆಯ ಹಿಂದೆ ಬಿಡಾರದ ಎರವಲು ಕೋವಿಯಿಂದ ಹತ್ತು ಗುಂಡು. ಹಲಗೆಗೆ ಬಿದ್ದದ್ದು ಎರಡು.

ಕಲ್ಲು ಮೊಂಡು ಇರಬೇಕು.

ಡಿಸೆಂಬರ್ 10, ಬುಧವಾರ

ಕಲ್ಲು ಬದಲಾಯಿಸಿದೆ. ಹತ್ತರಲ್ಲಿ ಒಂದು. ಎರವಲು ಕೋವಿಯೇ ದರಿದ್ರ.

ಡಿಸೆಂಬರ್ 13, ಶನಿವಾರ

ಟೈಟಸ್ ಹತ್ತಿರ ಇನ್ನೆರಡು ಕೋವಿ ಹಾರಿಸಿ ನೋಡಿದೆ, ಎರಡರಲ್ಲೂ ಗುರಿ ತಪ್ಪಿತು. ಒಂದರ ಹಿಂಬದಿ ಅರ್ಧಚಂದ್ರದ ಹಾಗೆ ಬಾಗಿ ಹೆಗಲಿಗೆ ಒತ್ತುತ್ತದೆ ಎಂದೆ. ಇನ್ನೊಂದರ ಟ್ರಿಗರ್ ಗಟ್ಟಿ ಎಂದೆ. ಅವನು ಗಡ್ಡ ಕೆರೆದುಕೊಂಡ.

"ಮೂರು ಕೋವಿ ಹಾರಿಸ್ದೆ. ಮೂರಕ್ಕೂ ಒಂದೇ ಕಾಯಿಲೆ ಬರೋಕಾಗುತ್ತೇನಮ್ಮ?"

"ಅಂದ್ರೆ?"

"ಈ ಸಲ ಮದ್ದು ನಾನು ತುಂಬ್ತೀನಿ. ನೀನು ಆ ಕಡೆ ತಿರುಗಿ ನಿಂತ್ಕೋ."

ಮೂಲೆಯಿಂದ ಒಂದು ಕೋವಿ ತಂದು ಕೊಟ್ಟ. ಗಿಡ್ಡದು, ಕೆತ್ತನೆ ಇಲ್ಲ, ಹಿತ್ತಾಳೆ ಇಲ್ಲ, ವಾಲ್ನಟ್ ಮರ, ಬರೀ ಕಬ್ಬಿಣದ ಕಟ್ಟು. ಗುರಿಯಿಟ್ಟು ಎಳೆದೆ. ಟಕ್. ಅಷ್ಟೇ. ಬಟ್ಟಲಿಗೆ ಅವನು ಮದ್ದೇ ಹಾಕಿರಲಿಲ್ಲ. ಆದರೆ ನಳಿಗೆ ಒಂದು ಗೇಣು ಕೆಳಗೆ ಬಾಗಿತ್ತು. ನನ್ನ ಎರಡೂ ಕಣ್ಣು ಮುಚ್ಚಿದ್ದವು.

"ಬೆಂಕೀನೇ ಇಲ್ಲ. ಏನನ್ನ ಕಂಡು ಹೆದರಿದ್ದು?"

ನಾನು ಕೋವಿ ಕೆಳಗಿಳಿಸಿದೆ.

"ಯಾವಾಗಿಂದ ಹಿಂಗೆ?"

"ಜನವರಿಯಿಂದ."

ಅವನು ಮುಂದೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. ಹೊರಡುವಾಗ ಆ ಗಿಡ್ಡ ಕೋವಿ ಯಾವುದು ಎಂದೆ. ಐವತ್ನಾಲ್ಕು, ದಪ್ಪ ದುಂಡು ಗುಂಡು. ಯಾರೋ ಮಾಡಿಸಿ, ಚೆಂದ ಇಲ್ಲವೆಂದು ಒಯ್ಯಲೇ ಇಲ್ಲವಂತೆ.

"ಎಷ್ಟು ದೂರಕ್ಕಾಗುತ್ತೆ?"

"ಅದು ಕೋವಿ ಹೇಳೋದಲ್ಲ" ಎಂದು ಟೈಟಸ್ ದೀಪ ಆರಿಸಿದ.

ಡಿಸೆಂಬರ್ 14, ಭಾನುವಾರ

ಹೇಳಿದೆ.

ಚರ್ಚಿನಿಂದ ಬಂದ ಮೇಲೆ ಅಜ್ಜ ತಮ್ಮ ಕೋವಿ ತೆಗೆದುಕೊಂಡು ಹಿತ್ತಲಿಗೆ ಹೋದರು. ನಾನೂ ಹೋದೆ. ನಮ್ಮಲ್ಲಿ ಕೋವಿ ತುಂಬುತ್ತಿರುವವರ ಜೊತೆ ಯಾರೂ ಮಾತಾಡುವುದಿಲ್ಲ. ಚಿಕ್ಕಂದಿನಲ್ಲೇ ಕಲಿಸುವ ಮೊದಲ ಪಾಠ ಅದು. ಅಳೆದ ಮದ್ದು, ಮೇಲೆ ಎಣ್ಣೆ ಬಟ್ಟೆಯ ತುಂಡು, ಗುಂಡು, ಗಿಡಿಯುವ ಕೋಲು. ನಡುವೆ ಒಂದು ಮಾತು ಬಂದರೆ ಒಂದು ಕೆಲಸ ಬಿಟ್ಟುಹೋಗುತ್ತದೆ. ನನಗೆ ಗೊತ್ತಿತ್ತು. ಆದರೆ ಅಜ್ಜ ನನ್ನ ಮುಖ ನೋಡದೆ ಇರುವುದು ಆ ಹೊತ್ತಿನಲ್ಲಿ ಮಾತ್ರ.

"ಜನವರಿಯಲ್ಲಿ ಗುರಿ ತಪ್ಪಿರ್ಲಿಲ್ಲ ಅಜ್ಜ. ರಕ್ತ ನೋಡ್ದೆ. ಬಿಟ್ಟು ಬಂದೆ."

ಅವರ ಕೈ ನಿಲ್ಲಲಿಲ್ಲ. ಬಟ್ಟೆ ಇಟ್ಟರು, ಗುಂಡು ಇಟ್ಟರು, ಕೋಲಿನಿಂದ ಒತ್ತಿದರು, ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಹೆಗಲಿಗೇರಿಸಿದರು. ಕುದುರೆ ಬಿತ್ತು. ಬಟ್ಟಲಿನಲ್ಲಿ ಭಗ್ ಎಂದಿತು. ಫುಸ್. ಮುಂದೇನೂ ಇಲ್ಲ.

ನಳಿಗೆಗೆ ಮದ್ದನ್ನೇ ಹಾಕಿರಲಿಲ್ಲ.

ಅರವತ್ತು ವರ್ಷ ಚಕಮಕಿ ಹಿಡಿದವರು. ಯಾರಾದರೂ ಮದ್ದಿಲ್ಲದೆ ಗುಂಡು ತುಂಬಿದರೆ ವರ್ಷವಿಡೀ ಗೇಲಿ ಮಾಡುವವರು. ಅವರೂ ನಗಲಿಲ್ಲ, ನಾನೂ ನಗಲಿಲ್ಲ. ಮರದ ಕೊರಡಿನ ಮೇಲೆ ಕೂತು ಕೋಲಿನ ತುದಿಗೆ ತಿರುಪಿನ ಮೊಳೆ ಸಿಕ್ಕಿಸಿ, ನಳಿಗೆಗಿಳಿಸಿ ಗುಂಡಿಗೆ ಕೊರೆಯತೊಡಗಿದರು. ಸೀಸ ಕಿರುಗುಟ್ಟುತ್ತಿತ್ತು.

"ಎಷ್ಟು ಹೆಜ್ಜೆ ಅದರ ಹಿಂದೆ ಹೋದೆ?"

"ನಲವತ್ತು."

"ಎಣಿಸಿದ್ದೀಯ."

"ಹೂಂ."

"ಆಮೇಲೆ ಯಾಕೆ ತಿರುಗಿದ್ದು?"

"ಸಿಕ್ಕಿದ್ರೆ ಇನ್ನೂ ಬದುಕಿರುತ್ತೆ ಅಂತ. ಅದರ ಕಣ್ಣು ನೋಡೋಕಾಗಲ್ಲ ಅಂತ."

ಕೋಲು ಹಿಡಿದು ಎಳೆದರು. ಬರಲಿಲ್ಲ. ನಾನು ಕೋವಿಯ ಹಿಂಬದಿ ಹಿಡಿದುಕೊಂಡೆ. ಇಬ್ಬರೂ ಎಳೆದೆವು. ಗುಂಡು ಬಂತು, ನಡುವೆ ತೂತಾಗಿತ್ತು. ಅದನ್ನು ಅಜ್ಜ ಜೇಬಿಗೆ ಹಾಕಿಕೊಂಡರು.

"ಡಬ್ಬಿ ವಿಷಯ ಗೊತ್ತಲ್ಲ."

"ಗೊತ್ತು."

"ಹಾರ್ಲನ್‌ಗೂ ಗೊತ್ತಿತ್ತು" ಎಂದು ಒಳಗೆ ಹೋದರು.

ಡಿಸೆಂಬರ್ 16, ಮಂಗಳವಾರ

ಅಜ್ಜ ಮಾತಾಡುತ್ತಿಲ್ಲ. ಉಪ್ಪು ಕೊಡು ಎನ್ನುವುದೂ ಇಲ್ಲ, ಎದ್ದು ತಾವೇ ತೆಗೆದುಕೊಳ್ಳುತ್ತಾರೆ.

ಡಿಸೆಂಬರ್ 18, ಗುರುವಾರ

ಹಾರ್ಲನ್ ಮಾವ ಫೋನ್ ಮಾಡಿದ್ದ. ಬಸ್ಸು ನಿಲ್ಲುವ ಕಡೆ ತಾನೇ ಬರುತ್ತೇನೆ ಎಂದ. ಅಜ್ಜನಿಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ.

"ಹೇಳಿಬಿಟ್ಯಾ ನಮ್ಮಪ್ಪಂಗೆ?"

"ಹೇಳ್ದೆ."

"ಹಂಗಾದ್ರೆ ಇನ್ನೂ ಒಳ್ಳೇದು, ಬಂದ್ಬಿಡು. ಅಲ್ಲಿ ಎಲ್ಲರ ಮುಂದೆ ಯಾಕೆ ನಿಂತ್ಕೋತೀಯಾ?"

"ಮಾವ, ನೀನು ಕಲ್ಲು ಕೊಟ್ಟಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ ಕಣೇ. ಮುಂದಿನ ವರ್ಷ ವಾಪಸ್ ಸಿಗ್ತಿತ್ತು." ಕೆಮ್ಮಿದ. "ಮೊದಲನೇ ವರ್ಷ ಸಿಟ್ಟು. ಎರಡನೇ ವರ್ಷ ನಾಚಿಕೆ. ಆಮೇಲೆ ಎಷ್ಟು ವರ್ಷ ಆಯ್ತು ಅನ್ನೋದೇ ಅಡ್ಡ ಬಂತು."

ಕೋಣೆಗೆ ಹೀಟರ್ ಹಾಕಿಸಿದ್ದಾನಂತೆ. ಪಾಪ.

ಡಿಸೆಂಬರ್ 20, ಶನಿವಾರ

ಕೋವಿ ಆರಿಸಿದೆ. ಆ ಗಿಡ್ಡದೇ.

ಟೈಟಸ್‌ಗೆ ಇದ್ದದ್ದೆಲ್ಲ ಹೇಳಿದೆ. ಈಗ ಹೇಳುವುದು ಅಭ್ಯಾಸವಾಗಿದೆ. ಅವನು ಅರ ಹಾಕುವುದನ್ನು ನಿಲ್ಲಿಸಿ ಕೇಳಿದ:

"ಈ ವರ್ಷ ಬೇಟೆ ಇಲ್ಲ ಅಂದ್ಮೇಲೆ ಈಗ್ಲೇ ಯಾಕಮ್ಮ ಕೋವಿ? ಮುಂದಿನ ವರ್ಷ ತಗೊಂಡ್ರಾಯ್ತು."

"ಎರವಲು ಕೋವಿ ಕಲ್ಲು ಹಾಕಿದ್ರೆ ಅದು ಬಿಡಾರದ ಕಲ್ಲು. ಡಬ್ಬಿಗೆ ಹಾಕೋಕೆ ನಂದೇ ಕಲ್ಲು ಬೇಕಲ್ಲ."

"ಒಂದು ಕಲ್ಲು ಕಳ್ಕೊಳ್ಳೋಕೆ ಒಂದು ಇಡೀ ಕೋವಿ!" ಟೈಟಸ್ ಅಂಗಡಿಯ ಬೆಕ್ಕಿನ ಕಡೆ ತಿರುಗಿ, "ನಲವತ್ತು ವರ್ಷದಲ್ಲಿ ಇಂಥ ಗಿರಾಕಿ ನೋಡಿದ್ಯೇನೋ?" ಎಂದ.

ಆದರೆ ಅರ್ಧ ಗಂಟೆ ನನ್ನ ಹೆಗಲು, ಕೆನ್ನೆ, ತೋಳು ಅಳೆದು ಹಿಂಬದಿಯ ಮರವನ್ನು ಎರಡು ಬೆರಳು ಕಡಿಮೆ ಮಾಡಿಕೊಟ್ಟ. ಈಗ ಕಣ್ಣು ಮುಚ್ಚಿ ಎತ್ತಿ ಹೆಗಲಿಗಿಟ್ಟು ಕಣ್ಣು ತೆರೆದರೆ ಗುರಿ ತಾನಾಗಿಯೇ ಎದುರಿಗಿರುತ್ತದೆ. ಕಲ್ಲು ಉಜ್ಜಿದಾಗ ಕಿಡಿ ಬಟ್ಟಲಿನ ಒಳಗೇ ಉದುರುತ್ತದೆ, ಆಚೀಚೆ ಹೋಗುವುದಿಲ್ಲ. ಹೆಗಲ ಮೇಲೆ ಮೈಲಿಗಟ್ಟಲೆ ನಡೆಯಬಹುದು. ದೂರಕ್ಕೆ ಆಗುವುದಿಲ್ಲ. ಆಗುತ್ತದೇನೋ, ನಾನು ನೋಡಲಿಲ್ಲ. ಹಲಗೆಯನ್ನು ನಲವತ್ತು ಹೆಜ್ಜೆಗೆ ನಿಲ್ಲಿಸಿದೆ.

ಮೂರೂ ಗುಂಡು ಹಲಗೆಗೆ ಬಿದ್ದವು, ಒಂದು ಅಂಗೈಯಲ್ಲಿ ಮುಚ್ಚಬಹುದು. ಏನು ಬದಲಾಯ್ತು ಎಂದ ಟೈಟಸ್. ಗಾಳಿ ಇರಲಿಲ್ಲ, ಅದಕ್ಕೆ ಎಂದೆ.

ಕೂಡಿಟ್ಟದ್ದು ಸಾಲದೆ ಬಸ್ಸಿನ ಲಕೋಟೆಯನ್ನೂ ಅವನಿಗೇ ಕೊಟ್ಟುಬಿಟ್ಟೆ.

ಡಿಸೆಂಬರ್ 21, ಭಾನುವಾರ

ಅಜ್ಜ ಅಡುಗೆಮನೆಯ ಮೇಜಿನ ಮೇಲಿದ್ದ ಕೋವಿ ನೋಡಿದರು. ಎತ್ತಿದರು. ಕುದುರೆಯನ್ನು ಬೆರಳಲ್ಲಿ ಹಿಂದಕ್ಕೆಳೆದು, ಮೆಲ್ಲಗೆ ಇಳಿಸಿ, ಮತ್ತೆ ಎಳೆದರು. ನಳಿಗೆಯೊಳಗೆ ಕೋಲು ಬಿಟ್ಟು ಸದ್ದು ಕೇಳಿದರು.

"ಟೈಟಸ್ ಮಾಡಿದ್ದಾ?"

"ಹೂಂ."

"ಕುರೂಪಿ."

"ಹೂಂ."

"ಕುದುರೆ ಚೆನ್ನಾಗಿದೆ."

ಒಂದು ವಾರದ ಮೇಲೆ ಮೊದಲ ಮಾತು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿ ನಿಂತೆ.

ಡಿಸೆಂಬರ್ 24, ಬುಧವಾರ

ಗೇಲನ್‌ಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಟ್ಯಾಂಕರ್ ನಿಲ್ಲಿಸಿ, ಕ್ರಿಸ್ಮಸ್‌ಗೆಂದು ಜಿಂಕೆ ಸಾಸೇಜಿನ ಉದ್ದನೆಯ ಕಟ್ಟು ಹಿಡಿದು ಬಂದ. "ಮೋಟಂಗಿ, ನಿನ್ನ ಹೊಸ ಕೋವಿ ತೋರ್ಸು!" ಎಂದು ಬಾಗಿಲಲ್ಲೇ ಕೂಗಿದ.

ಹೇಳಿದೆ. ಅವನ ಮುಖದ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದಂತೆ ಹೋಯಿತು.

"ನಾನು ನಿಂಗೆ ಹನ್ನೊಂದು ತಿಂಗಳು ಮೋಟಂಗಿ ಮೋಟಂಗಿ ಅಂದೆ."

"ಅಂದೆ."

"ನೀನು ನಕ್ಕೆ."

"ನಕ್ಕೆ."

"ಥೂ ನಿನ್ನ."

ಹೊರಗೆ ಹೋಗಿ ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತ. ನಾನು ಕೋಟಿಲ್ಲದೆ ಅಲ್ಲೇ ನಿಂತಿದ್ದೆ. ನೆಲ ನೋಡುತ್ತ ಕೇಳಿದ:

"ಎಲ್ಲರ ಮುಂದೆ ಹಾಕ್ತೀಯಾ? ನಿಂತ್ಕೊಂಡು?"

"ಹೂಂ."

"ಆಮೇಲೆ ಒಹಾಯೋಗೆ ಓಡಿ ಹೋಗ್ತೀಯಾ, ನಮ್ಮಪ್ಪನ ಹಂಗೆ?"

"ಬಸ್ಸಿಗೆ ದುಡ್ಡಿಲ್ಲ."

ಅವನ ಮೂಗಿನಿಂದ ಒಂದು ಸದ್ದು ಬಂತು, ಅದು ನಗುವೋ ಏನೋ. "ನಮ್ಮಪ್ಪನ ಕಲ್ಲು ಹದಿನಾಲ್ಕು ವರ್ಷ ಒಂದೇ ಇತ್ತು. ಇನ್ನು ಜೊತೆ ಸಿಗ್ತು ಬಿಡು" ಎಂದ. ಸಾಸೇಜಿನ ಕಟ್ಟನ್ನು ನನ್ನ ಕೈಗಿಟ್ಟು ಹೊರಟುಹೋದ. ನಾಡಿದ್ದು ಬರುತ್ತಾನೋ ಇಲ್ಲವೋ ಹೇಳಲಿಲ್ಲ.

ಡಿಸೆಂಬರ್ 25, ಗುರುವಾರ

ಊಟವಾದ ಮೇಲೆ ಅಜ್ಜ ನನ್ನ ಕೋವಿ ತರಲು ಹೇಳಿದರು. ಕುದುರೆಯ ತಿರುಪು ಸಡಿಲಿಸಿ ಕಲ್ಲು ಬಿಚ್ಚಿ ನನ್ನ ಅಂಗೈಗೆ ಹಾಕಿದರು. "ನಾನು ಹಾಕಲ್ಲ. ಒಂದ್ಸಲ ಹಾಕಿ ಸಾಕಾಗಿದೆ. ಇದನ್ನ ನೀನೇ ಹಾಕ್ಬೇಕು."

ಆಮೇಲೆ ಜೇಬಿನಿಂದ ಒಂದು ಮರದ ಚೂರು ತೆಗೆದರು. ಹಿಕರಿ ಮರ. ಕಲ್ಲಿನ ಅಳತೆಗೆ ಸರಿಯಾಗಿ ಕೆತ್ತಿ, ಅಂಚು ಉಜ್ಜಿದ್ದರು. ಮಾತು ಬಿಟ್ಟಿದ್ದ ಆ ವಾರದಲ್ಲಿ ಸಂಜೆ ಹೊತ್ತು ಕೊಟ್ಟಿಗೆಯಲ್ಲಿ ಕೂತು ಮಾಡುತ್ತಿದ್ದದ್ದು ಇದು. ಅದನ್ನು ಕುದುರೆಯ ಬಾಯಿಗೆ ಸಿಕ್ಕಿಸಿ ತಿರುಪು ಬಿಗಿದರು.

"ಕಿಡಿ ಬರಲ್ಲ. ಬಟ್ಟಲಿಗೆ ಪೆಟ್ಟಾಗಲ್ಲ. ಇಡೀ ಬೇಟೆ ಮುಗಿಯೋವರೆಗೂ ಇದನ್ನ ಹೊತ್ಕೊಂಡು ನನ್ನ ಹಿಂದೆ ಬಾ. ಜಿಂಕೆ ಕಂಡಾಗೆಲ್ಲ ಎತ್ತಿ, ಗುರಿ ಇಟ್ಟು, ಎಳಿ. ಕಣ್ಣು ಬಿಟ್ಕೊಂಡು."

"ಆ ಇಳಿಜಾರಿಗೆ ಹೋಗ್ತೀವಾ?"

"ಮೊದಲು ಅಲ್ಲಿಗೇ. ನಲವತ್ತು ಹೆಜ್ಜೆಯಿಂದ ಮುಂದಕ್ಕೆ."

"ಈಗ ಏನಿರುತ್ತೆ ಅಜ್ಜ ಅಲ್ಲಿ?"

"ಏನೂ ಇರಲ್ಲ. ಆದ್ರೂ ನಡೀಬೇಕು."

ಗೇಲನ್ ಅಜ್ಜನಿಗೆ ಫೋನ್ ಮಾಡಿದ್ದ. ತನ್ನ ಟ್ರಕ್ಕಿಗೆ ಸರಪಳಿ ಹಾಕಿದ್ದಾನಂತೆ, ಬೆಟ್ಟದ ರಸ್ತೆಯಲ್ಲಿ ಹಿಮ ಜಾಸ್ತಿಯಂತೆ, ಮೂವರೂ ಅದರಲ್ಲೇ ಹೋಗೋಣವಂತೆ. ನನ್ನ ಬಗ್ಗೆ ಕೇಳಲಿಲ್ಲ.

ಉಣ್ಣೆಯ ಎರಡು ಜೊತೆ ಕಾಲುಚೀಲ, ಸಾಸೇಜು, ಬಾಲ ಕತ್ತರಿಸಿದ ನೀಲಿ ಅಂಗಿ ಚೀಲದಲ್ಲಿವೆ. ಬಿಡಾರದ ಗೋಡೆಯ ಮೇಲಿನ ತುಂಡನ್ನು ಕಿತ್ತು ಅದರ ಜೇಬಿಗೆ ಹಾಕಿಕೊಳ್ಳಬೇಕು, ಗುರಿ ತಪ್ಪಿದವರ ಆ ಗೋಡೆ ನನ್ನದಲ್ಲ. ಕಲ್ಲು ಕೋಟಿನ ಬಲಜೇಬಿನಲ್ಲಿದೆ. ಕೋವಿ ಬಾಗಿಲ ಹತ್ತಿರ ಒರಗಿಸಿದೆ.

ನಾಳೆ ಬೆಳಿಗ್ಗೆ ನಾಲ್ಕು ಗಂಟೆಗೆ ಬಿಡಾರಕ್ಕೆ ಹೊರಡುತ್ತೇವೆ.